ನಿಂತ ನೀರಿನ ಹಕ್ಕಿ

ಬಕಧ್ಯಾನ ಎಂಬುದು ನಮ್ಮ ಭಾಷೆಯಲ್ಲಿ ಹೊಗಳಿಕೆಯ ಮಾತಲ್ಲ. ಪಂಚತಂತ್ರದ ಬಕ ತಪಸ್ವಿಯ ಸೋಗು ಹಾಕಿ ಕೆರೆಯ ಮೀನುಗಳನ್ನು ನುಂಗಿ, ಕಡೆಗೆ ಏಡಿಯ ಕೊಂಡಿಗೆ ಕೊರಳು ಕೊಟ್ಟಂದಿನಿಂದ, ನೀರಿನಲ್ಲಿ ಅಲುಗದೆ ನಿಂತ ಹಕ್ಕಿಯೆಂದರೆ ನಮಗೆ ಕಪಟಿ ಎಂದೇ ಲೆಕ್ಕ. ಬೀದರ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ಬಾಲ್ಯವನ್ನು ಕಳೆದ ನಾನೂ ಹಾಗೆಯೇ ತಿಳಿದಿದ್ದೆ. ಬೇಸಗೆಯಲ್ಲಿ ನಮ್ಮ ಕಡೆಯ ಹಳ್ಳಗಳು ಹರಿವು ಕಡಿದು ಅಲ್ಲಲ್ಲಿ ಮಡುಗಳಾಗಿ ಉಳಿಯುತ್ತವೆ. ಮಡುವಿನ ಅಂಚಿನಲ್ಲಿ ನಿಂತ ಕೊಕ್ಕರೆಗೆ ಕಲ್ಲು ಬೀರುವುದು ಹುಡುಗರಾದ ನಮಗೆ ನ್ಯಾಯ ನಡೆಸಿದಂತೆ ತೋರುತ್ತಿತ್ತು. ಆ ಹಕ್ಕಿ ಅಲ್ಲಿಯೇ, ಆ ಕೊಳೆನೀರಿನಲ್ಲಿಯೇ ಏಕೆ ನಿಂತಿದೆ ಎಂದು ನಾವು ಯಾರೂ ಕೇಳಿಕೊಂಡಿರಲಿಲ್ಲ. ಬಹುಕಾಲದ ಮೇಲೆ ಆ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದ್ದು ದೂರದ ಆಫ್ರಿಕದ ಒಂದು ಹಕ್ಕಿ. ಅದನ್ನು ನಾನು ಕಂಡಿರುವುದು ಚಿತ್ರಗಳಲ್ಲಿ ಮಾತ್ರ.

ಇಂಗ್ಲಿಷಿನಲ್ಲಿ ಅದಕ್ಕೆ ಷೂಬಿಲ್ ಎನ್ನುತ್ತಾರೆ. ಅರಬ್ಬಿಯಲ್ಲಿ ಅಬು ಮರ್ಕೂಬ್, ಎಂದರೆ ಪಾದರಕ್ಷೆಯ ಅಪ್ಪ. ನಾನು ಅದನ್ನು ಕೆರಗೊಕ್ಕು ಎಂದು ಕರೆಯುತ್ತೇನೆ; ಪಂಡಿತರು ಮನ್ನಿಸಬೇಕು. ನಾಲ್ಕಡಿಗೂ ಮೀರಿದ ಎತ್ತರ, ಬೂದಿ ಬಣ್ಣದ ಮೈ, ರೆಕ್ಕೆ ಬಿಚ್ಚಿದರೆ ಸುಮಾರು ಎಂಟಡಿ ಅಗಲ, ತೂಕ ಐದಾರು ಕಿಲೋ. ಇವೆಲ್ಲ ಇತರ ದೊಡ್ಡ ಹಕ್ಕಿಗಳಿಗೂ ಉಂಟು. ಇದರ ವಿಶೇಷವೆಲ್ಲ ಮುಖದಲ್ಲಿದೆ. ಯಾರೋ ಹಳೆಯ ಬೂಟೊಂದನ್ನು ತಂದು ತಲೆಗೆ ಅಂಟಿಸಿದಂತಹ ಕೊಕ್ಕು, ತುದಿಯಲ್ಲಿ ಚೂಪಾದ ಕೊಂಡಿ, ಮೇಲೆ ಎರಡು ನಿಷ್ಠುರವಾದ ಕಣ್ಣುಗಳು. 1850ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೂಲ್ಡ್ ಇಟ್ಟ ಶಾಸ್ತ್ರೀಯ ನಾಮದ ಅರ್ಥ ತಿಮಿಂಗಿಲದ ತಲೆಯ ರಾಜ ಎಂದು.

ಉದ್ದ ಕಾಲುಗಳನ್ನು ಕಂಡು ಬಹುಕಾಲ ಇದನ್ನು ಕೊಕ್ಕರೆಗಳ ಪಂಕ್ತಿಯಲ್ಲಿ ಕೂರಿಸಿದ್ದರು. 1957ರಲ್ಲಿ ಪೆಟ್ರಿಷಿಯಾ ಕಾಟಮ್ ಎಂಬ ವಿದುಷಿ ಇದರ ಎಲುಬುಗಳನ್ನು ಪರೀಕ್ಷಿಸಿ, ಅವು ಹೆಜ್ಜಾರ್ಲೆಯ ಎಲುಬುಗಳನ್ನು ಹೋಲುತ್ತವೆ ಎಂದರು. ಮುಂದೆ ವಂಶವಾಹಿಗಳ ಪರೀಕ್ಷೆಯೂ ಅದನ್ನೇ ಹೇಳಿತು. ಹೆಜ್ಜಾರ್ಲೆಯನ್ನು ನೀವು ಬಲ್ಲಿರಿ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಹುಣಿಸೆಮರಗಳ ಮೇಲೆ ಗೂಡು ಕಟ್ಟುವ, ಕೊಕ್ಕಿನ ಕೆಳಗೆ ಚೀಲ ತೂಗುವ ಹಕ್ಕಿ ಅದು. ಹೀಗೆ ನೋಡಿದರೆ ಈ ಆಫ್ರಿಕದ ಧ್ಯಾನಿ ಬಕನ ಕುಲದವನಲ್ಲ; ನಮ್ಮ ಹೆಜ್ಜಾರ್ಲೆಯ ದಾಯಾದಿ.

ಇದು ವಾಸಿಸುವುದು ದಕ್ಷಿಣ ಸುಡಾನಿನಿಂದ ಉಗಾಂಡಾ, ಟಾಂಜಾನಿಯಾಗಳ ಮೂಲಕ ಜಾಂಬಿಯಾದವರೆಗಿನ ಜೌಗುಗಳಲ್ಲಿ, ಪಪೈರಸ್ ಎಂಬ ಜೊಂಡಿನ ನಡುವೆ. ಅಲ್ಲಿ ನೀರು ಹರಿಯುವುದು ಕಡಿಮೆ. ಸತ್ತ ಜೊಂಡು ಕೊಳೆತು ನೀರಿನ ಪ್ರಾಣವಾಯುವೆಲ್ಲ ತೀರಿಹೋಗಿರುತ್ತದೆ. ಅಂತಹ ನೀರಿನಲ್ಲಿ ಬದುಕಬಲ್ಲ ಮೀನು ಆಗಾಗ ಮೇಲಕ್ಕೆ ಬಂದು ಗಾಳಿ ಕುಡಿಯಲೇಬೇಕು. ಅಲ್ಲಿ ಶ್ವಾಸಕೋಶವುಳ್ಳ ಮೀನೊಂದುಂಟು, ಕೆರಗೊಕ್ಕಿಗೆ ಅದೇ ಮೃಷ್ಟಾನ್ನ. ನಮ್ಮ ಕೆಸರುಗುಂಡಿಗಳಲ್ಲಿ ಕೊರವ ಮೀನು ಬಾಯಿ ಮೇಲೆತ್ತಿ ಗುಟುಕರಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಕ್ಕಿ ಮೀನನ್ನು ಅರಸಿಕೊಂಡು ಹೋಗುವುದಿಲ್ಲ. ಮೀನಿಗೆ ಉಸಿರು ಬೇಕಾಗುವ ಹೊತ್ತಿಗೆ ಅದು ಅಲ್ಲಿ ಇರಬೇಕು, ಅಷ್ಟೆ. ಅದಕ್ಕಾಗಿಯೇ ತೇಲುವ ಜೊಂಡಿನ ಮೇಲೆ, ಕೊಕ್ಕನ್ನು ಎದೆಗೆ ಒತ್ತಿಕೊಂಡು, ಬಹಳ ಹೊತ್ತು ಅಲುಗದೆ ನಿಲ್ಲುವುದು. ಮೀನು ತಲೆದೋರಿದ ಕ್ಷಣ, ಆ ಧ್ಯಾನವೆಲ್ಲ ಎಲ್ಲಿಗೆ ಹೋಯಿತೋ, ಗೋಡೆ ಕುಸಿದಂತೆ ಇಡೀ ಮೈ ಮುಂದಕ್ಕೆ ಬೀಳುತ್ತದೆ. ಕೊಕ್ಕಿನ ತುಂಬ ನೀರು, ಜೊಂಡು, ಕೆಸರು, ಮೀನು. ಬೇಡದ್ದನ್ನು ಹೊರಚೆಲ್ಲಿ, ಕೊಕ್ಕಿನ ಅಲಗುಗಳಿಂದ ಹಲವು ವೇಳೆ ಮೀನಿನ ತಲೆಯನ್ನೇ ಕತ್ತರಿಸಿ ನುಂಗುತ್ತದೆ. ಗುರಿ ತಪ್ಪುವುದೂ ಸಾಮಾನ್ಯವೇ. ತಪ್ಪಿದರೆ ಮತ್ತೆ ಮೊದಲಿನಿಂದ ನಿಲ್ಲಬೇಕು. ಇದನ್ನು ಕಪಟವೆನ್ನುವುದಾದರೆ ಬಿತ್ತಿ ಮಳೆಗೆ ಕಾಯುವ ನಮ್ಮ ರೈತನನ್ನೂ ಕಪಟಿಯೆನ್ನಬೇಕಾದೀತು.

ಸಂಸಾರದ ವಿಷಯದಲ್ಲಿ ಮಾತ್ರ ಇದರ ಕಥೆ ಕಠೋರ. ಸಾಮಾನ್ಯವಾಗಿ ಎರಡು ಮೊಟ್ಟೆ. ಬಿಸಿಲೇರಿದಾಗ ತಾಯಿತಂದೆಗಳು ಆ ದೊಡ್ಡ ಕೊಕ್ಕಿನಲ್ಲಿ ನೀರು ಮೊಗೆದು ತಂದು ಮೊಟ್ಟೆಮರಿಗಳ ಮೇಲೆ ಸುರಿದು ತಂಪು ಮಾಡುತ್ತವೆ. ಆದರೆ ಎರಡು ಮರಿಗಳಲ್ಲಿ ಬದುಕುವುದು ಬಹುಮಟ್ಟಿಗೆ ಒಂದೇ. ಹಿರಿಯದು ಕಿರಿಯದನ್ನು ಕುಕ್ಕಿ ಓಡಿಸುತ್ತದೆ, ತಾಯಿ ತಡೆಯುವುದಿಲ್ಲ. ಇಂತಹ ನಿಧಾನವಾದ ವಂಶ ಬೇಗ ಹೆಚ್ಚುವುದು ಹೇಗೆ? ಈಗ ಉಳಿದಿರುವುವು ಐದರಿಂದ ಎಂಟು ಸಾವಿರವೆಂದು ಅಂದಾಜು. ಮೃಗಾಲಯಗಳಿಗೂ ಶ್ರೀಮಂತರ ಸಂಗ್ರಹಗಳಿಗೂ ಮರಿಗಳನ್ನು ಕದ್ದು ಮಾರುವವರಿದ್ದಾರೆ. ಜಾಂಬಿಯಾದ ಬಂಗ್ವೆಯುಲು ಜೌಗಿನಲ್ಲಿ ಈಗ ಊರಿನ ಜನರನ್ನೇ ಗೂಡುಗಳ ಕಾವಲಿಗೆ ಇಟ್ಟಿದ್ದಾರೆ.

ಕಳ್ಳರಿಗಿಂತ ದೊಡ್ಡ ಭಯ ಬಂದದ್ದು ಬಲ್ಲವರಿಂದ. ದಕ್ಷಿಣ ಸುಡಾನಿನಲ್ಲಿ ಬಿಳಿಯ ನೈಲ್ ನದಿ ಹರಡಿಕೊಂಡು ಮಹಾ ಜೌಗಾಗುತ್ತದೆ. ಅದರ ಹೆಸರು ಸದ್, ಎಂದರೆ ಅಡ್ಡಿ. ಸದ್ದೆ ರಾಹ್ ಎಂಬ ಉರ್ದು ಮಾತನ್ನು ಕೇಳಿ ಬೆಳೆದ ಬೀದರಿನವರಿಗೆ ಈ ಪದ ಹೊಸದಲ್ಲ. ನದಿಯ ನೀರಿನ ಸುಮಾರು ಅರ್ಧ ಈ ಜೌಗಿನಲ್ಲಿಯೇ ಆವಿಯಾಗಿ ಹೋಗುತ್ತದೆ. ಈ ನಷ್ಟವನ್ನು ತಪ್ಪಿಸಿ ನೀರನ್ನು ಉತ್ತರದ ಹೊಲಗಳಿಗೆ ಒಯ್ಯಲು ಈಜಿಪ್ಟ್ ಮತ್ತು ಸುಡಾನ್ ದೇಶಗಳು 1978ರಲ್ಲಿ ಜೋಂಗ್ಲೈ ಕಾಲುವೆಯನ್ನು ತೋಡತೊಡಗಿದವು. 360 ಕಿ.ಮೀ. ಉದ್ದದ ಯೋಜನೆ.

ಇದನ್ನು ಮೊದಲು ಓದಿದಾಗ ನನ್ನ ಮನಸ್ಸು ಕಾಲುವೆಯ ಪಕ್ಷದಲ್ಲಿತ್ತೆಂದು ಒಪ್ಪಿಕೊಳ್ಳಬೇಕು. ನಮ್ಮ ನೆರೆಯ ಲಾತೂರಿಗೆ 2016ರಲ್ಲಿ ರೈಲಿನಲ್ಲಿ ಕುಡಿಯುವ ನೀರು ಬಂದದ್ದನ್ನು ಬಲ್ಲವನು ನಾನು. ಅತ್ತ ನಮ್ಮ ಮಾಂಜ್ರಾದ ಮಡುಗಳೂ ಬತ್ತಿದ ಕಾಲ ಅದು. ನೀರು ಸುಮ್ಮನೆ ಬಿಸಿಲಿಗೆ ಆರಿಹೋಗುತ್ತದೆ ಎಂಬ ಮಾತು ಅಂತಹ ನಾಡಿನವನ ಕಿವಿಗೆ ಪಾಪದಂತೆ ಕೇಳುತ್ತದೆ. ಆದರೆ ಆ ನಿಂತ ನೀರಿನಲ್ಲಿ ಮೀನಿದೆ, ನೆರೆ ಇಳಿದ ಮೇಲೆ ಅಲ್ಲಿ ಚಿಗುರುವ ಹುಲ್ಲನ್ನು ನಂಬಿ ಡಿಂಕಾ, ನುಏರ್ ಜನರ ದನಗಳಿವೆ, ಕೆರಗೊಕ್ಕಿನ ಗೂಡಿದೆ. ನಷ್ಟದ ಲೆಕ್ಕ ಬರೆದವರು ಈ ಜಮೆಯನ್ನು ಬರೆದುಕೊಂಡಿರಲಿಲ್ಲ. ಮಡುವಿನ ಕೊಕ್ಕರೆಗೆ ನಾವು ಕಲ್ಲು ಬೀರಿದ್ದೂ ಇಂತಹುದೇ ಲೆಕ್ಕದ ಮೇಲೆ.

ಕಾಲುವೆಯನ್ನು ನಿಲ್ಲಿಸಿದ್ದು ವಿವೇಕವಲ್ಲ, ಯುದ್ಧ. ಸುಮಾರು 240 ಕಿ.ಮೀ. ತೋಡುವಷ್ಟರಲ್ಲಿ ಅಂತರ್ಯುದ್ಧ ಎದ್ದು 1984ರ ಹೊತ್ತಿಗೆ ಕೆಲಸ ನಿಂತಿತು. ಜೌಗಿನ ಹಕ್ಕಿಗಳು ಉಳಿದುಕೊಂಡವು; ಮನುಷ್ಯರು ಲಕ್ಷಗಟ್ಟಲೆ ಸತ್ತರು. 2006ರಲ್ಲಿ ಸದ್ ಜೌಗು ಅಂತಾರಾಷ್ಟ್ರೀಯ ಮಹತ್ವದ ತಾಣಗಳ ಪಟ್ಟಿಗೆ ಸೇರಿತು, 2011ರಲ್ಲಿ ದಕ್ಷಿಣ ಸುಡಾನ್ ಸ್ವತಂತ್ರವಾಯಿತು. 2022ರಲ್ಲಿ ಕಾಲುವೆಯ ಮಾತು ಮತ್ತೆ ಎದ್ದು, ವಿರೋಧವೂ ಜೊತೆಯಲ್ಲೇ ಎದ್ದಿತು. ಕಾಲುವೆ ತೋಡಿದ ದೈತ್ಯಯಂತ್ರ ಅರೆಗೊಂಡ ಹಳ್ಳದ ಕೊನೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದೆ. ಸದ್ ಜೌಗಿನಲ್ಲಿ ನೀರು ಈಗಲೂ ನಿಂತೇ ಇದೆ.