ಹಿಮ್ಮಡಿಯ ಮುಳ್ಳು ನಿರಪರಾಧಿ

ಸಂಕ್ರಾಂತಿ ಮುಗಿದ ಮೇಲೆ ಕಾಚಿಗುಡದಿಂದ ಓದುಗರೊಬ್ಬರು ಫೋನ್ ಮಾಡಿದ್ದರು. ಕಲಬುರಗಿ ಕಡೆಯವರು, ಹೈದರಾಬಾದಿಗೆ ಬಂದು ಮೂವತ್ತು ವರ್ಷ ದಾಟಿದೆ. ಈ ಸಲ ಮೊದಲ ಬಾರಿಗೆ ಅಯ್ಯಪ್ಪನ ಮಾಲೆ ಹಾಕಿ 41 ದಿನ ಬರಿಗಾಲಲ್ಲಿ ಓಡಾಡಿದ್ದರಂತೆ. "ಬೆಟ್ಟ ಹತ್ತುವಾಗ ಏನೂ ಆಗಲಿಲ್ರಿ. ಮನಿಗಿ ಬಂದು ಮಾಲಿ ತೆಗ್ದ ಮ್ಯಾಲ ಸುರು ಆತು. ಮುಂಜಾನಿ ಎದ್ದು ಮೊದಲ್ನೇ ಹೆಜ್ಜಿ ಇಟ್ಟರ ಹಿಮ್ಮಡಕ್ಕ ಮೊಳಿ ಹೊಡದಂಗ ಆಗ್ತದ. ಎಕ್ಸ್‌ರೇ ತೆಗದು ಎಲುಬು ಬೆಳದದ ಅಂದಾರ. ಕೊಯ್ಸಿ ತೆಗಸಬೇಕೇನ್ರಿ?"

ನಾನು ವೈದ್ಯನಲ್ಲ. ಆದರೆ ಎರಡು ವರ್ಷದ ಹಿಂದೆ ನನ್ನ ಬಲಗಾಲೂ ಇದೇ ಮೊಳೆಯನ್ನು ಎಂಟು ತಿಂಗಳು ತುಳಿದಿದೆ. ಆ ಎಂಟು ತಿಂಗಳಲ್ಲಿ ಈ ನೋವಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅವರಿಗೆ ಫೋನಿನಲ್ಲಿ ಅರ್ಧ ಹೇಳಿದೆ, ಉಳಿದರ್ಧ ಇಲ್ಲಿದೆ.

ಈ ಊರಿನಲ್ಲಿ ನೋಯುವ ಜಾಗಕ್ಕೆ ಮೂರು ಹೆಸರು. ತೆಲುಗಿನವರಿಗೆ 'ಮಡಮ', ಉರ್ದುವಿನವರಿಗೆ 'ಏಡಿ', ನಮಗೆ 'ಹಿಮ್ಮಡ'. ಮಡಮಕ್ಕೂ ನಮ್ಮ ಹಿಮ್ಮಡಕ್ಕೂ ಬೇರು ಒಂದೇ. 'ಮಡ' ಎಂದರೆ ಹಳಗನ್ನಡದಲ್ಲೂ ಹಿಮ್ಮಡಿಯೇ. ಮೂರೂ ಭಾಷೆಯವರು ಹೇಳುವ ವೃತ್ತಾಂತ ಮಾತ್ರ ಒಂದೇ: ಬೆಳಗಿನ ಮೊದಲ ಹತ್ತು ಹೆಜ್ಜೆ ನರಕ, ಆಮೇಲೆ ಸ್ವಲ್ಪ ಹಗುರ, ಬಹಳ ಹೊತ್ತು ಕೂತು ಎದ್ದರೆ ಮತ್ತೆ ಅದೇ, ಸಂಜೆಗೆ ಭಾರವಾದ ನೋವು. ಹತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಎಂದಾದರೊಮ್ಮೆ ಇದು ಬರುತ್ತದೆ ಎನ್ನುವುದು ಸಾಮಾನ್ಯ ಅಂದಾಜು.

ಮೊದಲು ಎಕ್ಸ್‌ರೇನಲ್ಲಿ ಕಂಡ ಆ ಮುಳ್ಳಿನ ವಿಚಾರಣೆ ನಡೆಸೋಣ. ರಂಟ್‌ಗೆನ್ ಕ್ಷಕಿರಣ ಕಂಡುಹಿಡಿದದ್ದು 1895ರಲ್ಲಿ. ಐದೇ ವರ್ಷಕ್ಕೆ, 1900ರಲ್ಲಿ, ಪ್ಲೆಟ್ನರ್ ಎಂಬ ಜರ್ಮನ್ ವೈದ್ಯ ಹಿಮ್ಮಡಿಯ ಮೂಳೆಯಿಂದ ಮುಂದಕ್ಕೆ ಚಾಚಿಕೊಂಡ ಸಣ್ಣ ಕೊಕ್ಕೆಯನ್ನು ಚಿತ್ರದಲ್ಲಿ ನೋಡಿ ಅದನ್ನು 'ಹಿಮ್ಮಡಿಯ ಮುಳ್ಳು' ಎಂದು ಕರೆದ. ಹೊಸ ಯಂತ್ರ ಬಂದಾಗ ಅದಕ್ಕೆ ಕಂಡದ್ದೇ ಕಾರಣ ಎನಿಸುವುದು ಸಹಜ. ಆ ಕಾಲದ ಕೆಲವು ವೈದ್ಯರು ಈ ಮುಳ್ಳಿಗೆ ಗನೋರಿಯಾ ಕಾರಣ ಎಂದೂ ನಂಬಿದ್ದರು. ಹಿಮ್ಮಡಿ ನೋವು ಎಂದು ಬಂದ ಮರ್ಯಾದಸ್ಥರ ಮುಖ ಡಾಕ್ಟರ ಮುಂದೆ ಹೇಗಾಗಿರಬೇಡ!

ಮುಳ್ಳು ಎಂದ ಕೂಡಲೇ ಅದು ಕೆಳಮುಖವಾಗಿ ಚುಚ್ಚುತ್ತಿದೆ ಎಂದು ಮನಸ್ಸು ಚಿತ್ರ ಬರೆದುಕೊಳ್ಳುತ್ತದೆ. ಎಕ್ಸ್‌ರೇ ಹಾಳೆಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಅದು ನೆಲದ ಕಡೆಗಲ್ಲ, ಬೆರಳುಗಳ ಕಡೆಗೆ ಮಲಗಿದೆ. ನೀವು ಅದರ ಮೇಲೆ ನಿಲ್ಲುತ್ತಲೇ ಇಲ್ಲ. ಅಂಗಾಲಿನಲ್ಲಿ ನಿಜಕ್ಕೂ ನೋಯುವುದು ಒಂದು ಪಟ್ಟಿ (ಅದರ ಪರಿಚಯ ಮುಂದಿದೆ); ಎಷ್ಟೋ ಸಲ ಮುಳ್ಳು ಆ ಪಟ್ಟಿಯ ಒಳಗೂ ಇರುವುದಿಲ್ಲ, ಅದರ ಮೇಲಿನ ಸ್ನಾಯುವಿನ ಪದರದಲ್ಲಿರುತ್ತದೆ. ನೋವೇ ಇಲ್ಲದ ಬಹಳ ಜನರಿಗೆ ಈ ಕೊಕ್ಕೆ ಇದೆ, ನರಳುವ ಬಹಳ ಜನರಿಗೆ ಇಲ್ಲ. ನೋವು ಹೋದ ಮೇಲೂ ಅದು ಅಲ್ಲೇ ಇರುತ್ತದೆ. ನನ್ನದೂ ಇದೆ. ನೂರಿಪ್ಪತ್ತೈದು ವರ್ಷದಿಂದ ಆರೋಪ ಹೊತ್ತಿರುವ ಈ ಮುಳ್ಳನ್ನು ಬಿಡುಗಡೆ ಮಾಡುವುದು ನ್ಯಾಯ.

ಹಾಗಾದರೆ ನೋಯುತ್ತಿರುವುದು ಏನು? ಚಪ್ಪಲಿ ಬಿಚ್ಚಿ, ಕುರ್ಚಿಯ ಮೇಲೆ ಕೂತು, ನೋವಿರುವ ಪಾದವನ್ನು ಇನ್ನೊಂದು ತೊಡೆಯ ಮೇಲಿಡಿ. ಒಂದು ಕೈಯಿಂದ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ, ಮೊಳಕಾಲಿನ ಕಡೆಗೆ ಬಗ್ಗಿಸಿ. ಇನ್ನೊಂದು ಕೈಯ ಹೆಬ್ಬೆಟ್ಟಿನಿಂದ ಅಂಗಾಲಿನ ಒಳಬದಿಯನ್ನು ತಡವಿ. ವೀಣೆಯ ತಂತಿಯಂತೆ ಬಿಗಿದ ಒಂದು ಪಟ್ಟಿ ಸಿಗುತ್ತದೆ. ಬೆರಳು ಬಿಟ್ಟರೆ ಸಡಿಲ, ಎತ್ತಿದರೆ ಬಿಗಿ. ಅದನ್ನೇ ಹಿಡಿದುಕೊಂಡು ಹಿಂದಕ್ಕೆ ಹೋದರೆ ಹಿಮ್ಮಡಿಯ ಮೂಳೆಗೆ ಅದು ಕಚ್ಚಿಕೊಂಡಿರುವ ಜಾಗ ಬರುತ್ತದೆ. ಅಲ್ಲಿ ಒತ್ತಿದಾಗ ನೀವು ಕೂಗಿದರೆ, ಅದೇ.

ಆ ಪಟ್ಟಿಗೆ ಪ್ಲಾಂಟರ್ ಫೇಸಿಯಾ ಎನ್ನುತ್ತಾರೆ. ನನಗೆ ಅದು ಬಿಲ್ಲಿನ ಹೆದೆ. ಪಾದದ ಮೂಳೆಗಳ ಕಮಾನು ಬಿಲ್ಲು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಎಳೆದು ಕಟ್ಟಿದ ಹೆದೆ ಇದು. ಮೈಭಾರ ಮೇಲಿನಿಂದ ಒತ್ತಿದಾಗ ಬಿಲ್ಲು ಚಪ್ಪಟೆಯಾಗಲು ನೋಡುತ್ತದೆ, ಹೆದೆ ಬಿಡುವುದಿಲ್ಲ. ಇಷ್ಟೇ ಆಗಿದ್ದರೆ ಅದು ಸೇತುವೆಯ ತಂತಿಯಂಥ ಜಡ ವಸ್ತು. ಆದರೆ 1954ರಲ್ಲಿ ಬ್ರಿಟನ್ನಿನ ಜೆ.ಎಚ್. ಹಿಕ್ಸ್ ಇದರ ಜಾಣತನ ಬಯಲು ಮಾಡಿದ. ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ಎದ್ದು ಬೆರಳುಗಳು ನೆಲದಲ್ಲೇ ಉಳಿದಾಗ, ಈ ಹೆದೆ ಬೆರಳಿನ ಬುಡದ ಮೂಳೆಯ ತಲೆಗೆ, ಬಾವಿಯ ರಾಟೆಗೆ ಹಗ್ಗ ಸುತ್ತಿದಂತೆ, ಸುತ್ತಿಕೊಳ್ಳುತ್ತದೆ. ಸುತ್ತಿದಷ್ಟೂ ಹೆದೆ ಗಿಡ್ಡವಾಗುತ್ತದೆ, ಬಿಲ್ಲು ಬಾಗುತ್ತದೆ, ಕಮಾನು ಏರುತ್ತದೆ. ಒಂದು ಕ್ಷಣದ ಹಿಂದೆ ಮೆತ್ತಗಿದ್ದ ಪಾದ ಈಗ ನೆಲವನ್ನು ಒದೆಯಬಲ್ಲ ಗಟ್ಟಿ ಸನ್ನೆಗೋಲು. ಇದಕ್ಕೆ ಸ್ನಾಯುಬಲ ಬೇಕಿಲ್ಲ, ಬೆರಳು ಬಾಗಿದರೆ ಸಾಕು.

1987ರಲ್ಲಿ ಲೀಡ್ಸ್‌ನ ಮ್ಯಾಕ್‌ನೀಲ್ ಅಲೆಕ್ಸಾಂಡರ್ ಮತ್ತು ಜೊತೆಯವರು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಬೇಕಾಗಿ ಬಂದ ಪಾದಗಳನ್ನು ಯಂತ್ರದಲ್ಲಿಟ್ಟು ಒತ್ತಿ ನೋಡಿದರು. ಓಡುವ ಮನುಷ್ಯನ ಪ್ರತಿ ಹೆಜ್ಜೆಯಲ್ಲೂ ಸುಮಾರು 17 ಜೌಲ್ ಶಕ್ತಿ ಈ ಕಮಾನಿನಲ್ಲಿ ಸ್ಪ್ರಿಂಗಿನಲ್ಲಿ ಕೂಡಿಟ್ಟಂತೆ ಸೇರಿ, ಬಹುಪಾಲು ವಾಪಸ್ ಸಿಗುತ್ತದೆ ಎಂದು ಲೆಕ್ಕ ಹಾಕಿದರು. ಪ್ರತಿ ಆಗಸ್ಟಿನಲ್ಲಿ ನೆಕ್ಲೆಸ್ ರಸ್ತೆಯಿಂದ ಹೊರಟು ಮೇಲ್ಸೇತುವೆಗಳನ್ನು ಹತ್ತಿ ಇಳಿದು ಗಚ್ಚಿಬೌಲಿ ಮುಟ್ಟುವ ಹೈದರಾಬಾದ್ ಮ್ಯಾರಥಾನಿನ ಓಟಗಾರರು ಪುಕ್ಕಟೆಯಾಗಿ ಪಡೆಯುವ ಇಂಧನ ಇದು. ಅವರಲ್ಲಿ ಕೆಲವರು ಸೆಪ್ಟೆಂಬರಿನಲ್ಲಿ ಕುಂಟುವುದಕ್ಕೂ ಇದೇ ಹೆದೆ ಕಾರಣ.

ಹೆದೆ ಬಳಲುವುದು ಹೇಗೆಂದು ಬಿಲ್ಲುಗಾರನನ್ನು ಕೇಳಿ. ಒಂದೇ ಸಲ ಜೋರಾಗಿ ಎಳೆದರೆ ಅಲ್ಲ, ಅಭ್ಯಾಸವಿಲ್ಲದ ಹೆದೆಯನ್ನು ದಿನವೂ ಬಿಡುವಿಲ್ಲದೆ ಎಳೆದರೆ. ಹೆದೆಯ ಎಳೆಗಳು ಕೊಲಾಜೆನ್ನಿನವು. ದಿನದ ಸವೆತವನ್ನು ಅದು ನಿಧಾನವಾಗಿ ತೇಪೆ ಹಾಕಿಕೊಳ್ಳುತ್ತದೆ. ಸವೆತದ ವೇಗ ತೇಪೆಯ ವೇಗವನ್ನು ಮೀರಿದರೆ ಹುರಿ ಬಿಚ್ಚುತ್ತದೆ. ಈ ನೋವಿನ ವೈದ್ಯಕೀಯ ಹೆಸರು 'ಪ್ಲಾಂಟರ್ ಫೇಸಿಐಟಿಸ್'. ಕೊನೆಯಲ್ಲಿ 'ಐಟಿಸ್' ಇರುವುದರಿಂದ ಇದು ಉರಿಯೂತ ಎಂದು ಎಲ್ಲರೂ ತಿಳಿದಿದ್ದರು. 2003ರಲ್ಲಿ ಅಮೆರಿಕದ ಹಾರ್ವಿ ಲೆಮಾಂಟ್ ತಂಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 50 ಪ್ರಕರಣಗಳ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಕೋಶಗಳ ದಂಡು ಕಾಣಲಿಲ್ಲ. ಕಂಡದ್ದು ಸವೆದು ಅಸ್ತವ್ಯಸ್ತವಾದ ಎಳೆಗಳು. ಬೆಂಕಿ ಎಂದು ನೀರು ಹೊಯ್ಯುತ್ತಿದ್ದೆವು, ಇದ್ದದ್ದು ಹರಿದ ಹಗ್ಗ.

ಬೆಳಗಿನ ಮೊದಲ ಹೆಜ್ಜೆಯ ರಹಸ್ಯವೂ ಇಲ್ಲೇ ಇದೆ. ಮಲಗಿದಾಗ ಪಾದ ಕೆಳಗೆ ಬಾಗಿರುತ್ತದೆ, ಹೆದೆ ಸಡಿಲವಾಗಿ ಗಿಡ್ಡವಾಗಿ ರಾತ್ರಿ ಕಳೆಯುತ್ತದೆ. ಎದ್ದ ಕೂಡಲೇ ಇಡೀ ಮೈಭಾರ ಅದನ್ನು ಸರಕ್ಕನೆ ಎಳೆಯುತ್ತದೆ.

ಇನ್ನು ಕಾಚಿಗುಡದವರ 41 ದಿನ. ಬರಿಗಾಲು ಪಾಪವಲ್ಲ, ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದೇ ಹೋಗುವವರ ಪಾದಗಳನ್ನು ನೋಡಿ. ಹೊಲದ ಕೆಲಸ ಅವುಗಳನ್ನು ವರ್ಷವಿಡೀ ಪಳಗಿಸಿರುತ್ತದೆ. ಮೂವತ್ತು ವರ್ಷ ಬೂಟಿನಲ್ಲಿದ್ದ, ಐವತ್ತು ದಾಟಿದ ಆಫೀಸಿನ ಪಾದ ಒಂದು ದಿನ ಇದ್ದಕ್ಕಿದ್ದಂತೆ ಕಾಂಕ್ರೀಟಿಗೆ ಇಳಿದರೆ ಹೆದೆಗೆ ಸುಳಿವೂ ಸಿಕ್ಕಿರುವುದಿಲ್ಲ. 2003ರ ಇನ್ನೊಂದು ಅಮೆರಿಕನ್ ಅಧ್ಯಯನ ಮೂರು ಅಪಾಯಗಳನ್ನು ಗುರುತಿಸಿತ್ತು: ಪಾದವನ್ನು ಮೇಲಕ್ಕೆ ಬಗ್ಗಿಸಲಾಗದಷ್ಟು ಬಿಗಿಯಾದ ಮೀನಖಂಡ, ಹೆಚ್ಚಿನ ಮೈತೂಕ, ದಿನವಿಡೀ ನಿಂತು ಮಾಡುವ ಕೆಲಸ. ಬಿಗಿ ಮೀನಖಂಡ ಇವುಗಳಲ್ಲಿ ಮೊದಲನೆಯದು. ನಿಂತು ಮಾಡುವ ಕೆಲಸ ಎಂದರೆ ಟ್ರಾಫಿಕ್ ಪೊಲೀಸರಷ್ಟೇ ಅಲ್ಲ, ಲಾಡ್ ಬಜಾರಿನ ಬಳೆ ಅಂಗಡಿಯವರಷ್ಟೇ ಅಲ್ಲ. ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವ ನಮ್ಮ ಮನೆಯ ಹೆಂಗಸರನ್ನು ಈ ಪಟ್ಟಿಗೆ ಯಾರೂ ಸೇರಿಸುವುದಿಲ್ಲ.

ನೋವು ಬಂದ ಕೂಡಲೇ ಈ ಊರಿನಲ್ಲಿ ಯಾರಾದರೂ ಕೊಡುವ ಮೊದಲ ಸಲಹೆ "ಎಂಸಿಆರ್ ಚಪ್ಪಲಿ ತಗೊಳ್ಳಿ". ಅದರ ಹುಟ್ಟು ಹೇಳದೆ ಮುಂದೆ ಹೋಗಲಾರೆ. ಎಂಸಿಆರ್ ಎಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್. ಒಳಗೆ ಸಾವಿರಾರು ಗಾಳಿಗುಳ್ಳೆಗಳು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಸಿಎಂಸಿ ಸೇರಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಮತ್ತು ಅವರ ಸಹೋದ್ಯೋಗಿಗಳು ಕುಷ್ಠರೋಗಿಗಳ ಪಾದಕ್ಕೆಂದು ಇದನ್ನು ರೂಢಿಗೆ ತಂದರು. ಕುಷ್ಠದಲ್ಲಿ ಪಾದ ಕೊಳೆತು ಉದುರುತ್ತದೆ ಎಂದು ಜನ ನಂಬಿದ್ದ ಕಾಲ. ಪಾದಕ್ಕೆ ನೋವೇ ಗೊತ್ತಾಗದ್ದರಿಂದ ಗಾಯದ ಮೇಲೆಯೇ ನಡೆಯುತ್ತಾರೆ, ಹಾಳಾಗುವುದು ಅದರಿಂದ ಎಂದು ಬ್ರ್ಯಾಂಡ್ ತೋರಿಸಿದರು. ಒತ್ತಡ ಒಂದೇ ಕಡೆ ಬೀಳದಂತೆ ಹಂಚುವ ಮೆತ್ತನೆಯ ಅಟ್ಟೆ ಬೇಕಿತ್ತು. ನೋವು ಗೊತ್ತಾಗದ ಪಾದಕ್ಕಾಗಿ ಬಂದ ಚಪ್ಪಲಿ ಇವತ್ತು ಸುಲ್ತಾನ್ ಬಜಾರಿನಲ್ಲಿ ನೋವು ಬಿಟ್ಟು ಬೇರೇನೂ ಗೊತ್ತಾಗದ ಪಾದಕ್ಕೆ ಮಾರಾಟವಾಗುತ್ತಿದೆ. ಹಾಕಿಕೊಳ್ಳಿ, ಹಿತವಾಗುತ್ತದೆ, ಮನೆಯೊಳಗೂ ಹಾಕಿಕೊಳ್ಳಿ. ಅದು ಒತ್ತಡ ಹಂಚುತ್ತದೆ, ಹೆದೆಯನ್ನು ರಿಪೇರಿ ಮಾಡುವುದಿಲ್ಲ.

ಅಜ್ಜಿಯರ ಮದ್ದೂ ಇದೆ: ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತುವುದು. ತೆಲುಗರ ಮನೆಯಲ್ಲೂ ಇದೇ, ಎಲೆಯ ಹೆಸರು ಮಾತ್ರ ಜಿಲ್ಲೇಡು. ಶಾಖ ಸುಖ ಕೊಡುತ್ತದೆ, ಬೇಡ ಎನ್ನಲಾರೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಇಟ್ಟಿಗೆಯ ಹತ್ತಿರ ಹೋಗಬೇಡಿ. ಅವರಲ್ಲಿ ಎಷ್ಟೋ ಜನರ ಪಾದವೂ ಬ್ರ್ಯಾಂಡ್ ಕಂಡ ಪಾದಗಳಂತೆಯೇ, ಸುಟ್ಟದ್ದು ತಿಳಿಯುವುದಿಲ್ಲ.

ದುಡ್ಡಿನ ಮದ್ದುಗಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟಿದೆ. ನಗರದ ಒಂದು ಕ್ಲಿನಿಕ್ಕಿನಲ್ಲಿ ನನಗೆ ಮೊದಲ ಭೇಟಿಯಲ್ಲೇ ಆರು ಸಲದ ಶಾಕ್‌ವೇವ್ (ನೋಯುವ ಜಾಗಕ್ಕೆ ಒತ್ತಡದ ಅಲೆ ಹಾಯಿಸುವ ಚಿಕಿತ್ಸೆ) 'ಪ್ಯಾಕೇಜ್' ತೋರಿಸಿದರು, ಪಾದ ಮುಟ್ಟಿ ನೋಡುವ ಮೊದಲೇ. ಶಾಕ್‌ವೇವ್ ಸುಳ್ಳಲ್ಲ, ಕೆಲವು ಪ್ರಯೋಗಗಳಲ್ಲಿ ಅದು ಗೆದ್ದಿದೆ. ಆದರೆ 2002ರಲ್ಲಿ ಆಸ್ಟ್ರೇಲಿಯಾದ ರಾಚೆಲ್ ಬುಕ್‌ಬೈಂಡರ್ ತಂಡ 166 ಜನರ ಮೇಲೆ ಪರೀಕ್ಷಿಸಿದಾಗ ನಿಜವಾದ ಅಲೆ ಪಡೆದವರೂ ಹುಸಿ ಅಲೆ ಪಡೆದವರೂ ಒಂದೇ ಸಮ ಸುಧಾರಿಸಿದರು. 2006ರಲ್ಲಿ ಅದೇ ದೇಶದಲ್ಲಿ ಅಳತೆ ಕೊಟ್ಟು ಮಾಡಿಸಿದ ದುಬಾರಿ ಒಳಅಟ್ಟೆ, ಸಿದ್ಧ ಒಳಅಟ್ಟೆ, ಬರೀ ತೆಳು ಫೋಮ್ ಮೂರನ್ನೂ ಹೋಲಿಸಿದರು. ವರ್ಷದ ಕೊನೆಗೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಈ ನೋವಿನ ಬಹುಪಾಲು ಪ್ರಕರಣಗಳು ಆಪರೇಷನ್ ಇಲ್ಲದೆ ವರ್ಷದೊಳಗೆ ಇಳಿಯುತ್ತವೆ. ಹತ್ತನೇ ತಿಂಗಳಲ್ಲಿ ನೀವು ಏನು ಕೊಂಡರೂ ಅದು ಫಲ ಕೊಟ್ಟಂತೆಯೇ ಕಾಣುತ್ತದೆ. ವಾಸಿ ಮಾಡುವುದು ಕಾಲ, ಬಿಲ್ಲು ಬರೆಯುವುದು ಬೇರೆಯವರು.

ಸ್ಟೀರಾಯ್ಡ್ ಇಂಜೆಕ್ಷನ್ ಸುಮಾರು ಒಂದು ತಿಂಗಳು ನೋವು ತಗ್ಗಿಸುತ್ತದೆ. ಪದೇ ಪದೇ ಚುಚ್ಚಿಸಿಕೊಂಡರೆ ಹೆದೆ ಹರಿಯುವ ಅಪಾಯವಿದೆ, ಹಿಮ್ಮಡಿಯ ಕೆಳಗೆ ಜೇನುಗೂಡಿನಂತೆ ಕೋಣೆಕೋಣೆಯಾಗಿರುವ ಕೊಬ್ಬಿನ ಮೆತ್ತೆ ಸವೆಯುವ ಅಪಾಯವೂ ಇದೆ. ಮಗಳ ಮದುವೆ ಮುಂದಿನ ವಾರ ಇದ್ದರೆ ಒಂದು ಸಲ ಡಾಕ್ಟರ ಹತ್ತಿರ ಮಾತಾಡಿ. ಅಷ್ಟೆ.

ಹೆದೆಗೆ ಬೇಕಾದದ್ದು ಪೂರ್ತಿ ವಿಶ್ರಾಂತಿಯಲ್ಲ, ಅಳತೆಯ ಎಳೆತ. ಮೊದಲನೆಯದಕ್ಕೆ ದುಡ್ಡು ಬೇಡ. ಬೆಳಿಗ್ಗೆ ಮಂಚದಿಂದ ಕಾಲು ಇಳಿಸುವ ಮೊದಲು, ಆಗಲೇ ಮಾಡಿ ನೋಡಿದಂತೆ ಪಾದವನ್ನು ತೊಡೆಯ ಮೇಲಿಟ್ಟು ಬೆರಳುಗಳನ್ನು ಮೇಲಕ್ಕೆ ಎಳೆದು ಹತ್ತು ಎಣಿಸಿ, ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. 2003ರಲ್ಲಿ ಡಿ ಜಿಯೊವಾನಿ ಎಂಬ ಅಮೆರಿಕನ್ ವೈದ್ಯ ಹತ್ತು ತಿಂಗಳಿಗೂ ಹೆಚ್ಚು ಕಾಲ ನರಳಿದ್ದ 101 ಜನರ ಅಧ್ಯಯನದಲ್ಲಿ ಎಂಟು ವಾರಕ್ಕೆ ಇದು ಬರೀ ಮೀನಖಂಡ ಹಿಗ್ಗಿಸುವುದಕ್ಕಿಂತ ಮೇಲು ಎಂದು ಕಂಡ.

ಎರಡನೆಯದು ಡೆನ್ಮಾರ್ಕಿನದು. ರಾಥ್ಲೆಫ್ ತಂಡ 48 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಟ್ಟು ಪರೀಕ್ಷಿಸಿದ್ದು. ಮೆಟ್ಟಿಲ ಅಂಚಿನಲ್ಲಿ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು (ಹಿಕ್ಸನ ರಾಟೆ ನೆನಪಿದೆಯಲ್ಲ, ಹೆದೆ ಬಿಗಿಯಾಗಲೆಂದು) ಒಂಟಿ ಕಾಲಲ್ಲಿ ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಎರಡು ಎಣಿಸುವವರೆಗೆ ತಡೆದು, ಮೂರು ಎಣಿಸುತ್ತ ಇಳಿಸುವುದು. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಹಗುರವೆನಿಸಿದಂತೆ ಬೆನ್ನಚೀಲದಲ್ಲಿ ಪುಸ್ತಕ ತುಂಬಿಕೊಳ್ಳುವುದು. ನಾನು ಹಳೆಯ ದೀಪಾವಳಿ ವಿಶೇಷಾಂಕಗಳನ್ನು ತುಂಬಿಕೊಂಡಿದ್ದೆ. ಸಾಹಿತ್ಯಕ್ಕೆ ಇಷ್ಟು ತೂಕವಿದೆ ಎಂದು ಅಂದೇ ಗೊತ್ತಾದದ್ದು. ಮೂರು ತಿಂಗಳಿಗೆ ಈ ಗುಂಪು ಹಿಗ್ಗಿಸುವ ವ್ಯಾಯಾಮದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ವರ್ಷದ ಕೊನೆಗೆ ಎರಡೂ ಗುಂಪು ಸಮ. ಇದೂ ಜಾದೂ ಅಲ್ಲ ಎನ್ನುವುದಕ್ಕಾಗಿ ಹೇಳಿದೆ. ಮಾಡುವಾಗ ಸ್ವಲ್ಪ ನೋಯುತ್ತದೆ, ಪರವಾಗಿಲ್ಲ. ಮರುದಿನ ಬೆಳಗಿನ ಮೊದಲ ಹೆಜ್ಜೆ ನಿನ್ನೆಗಿಂತ ಕೆಟ್ಟದ್ದಾದರೆ ತೂಕ ಇಳಿಸಿ.

ಮನೆಮದ್ದಿಗೆ ಕಾಯಬಾರದ ಹಿಮ್ಮಡಿಗಳೂ ಇವೆ. ಬಿದ್ದ ಮೇಲೆ ಬಂದ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಜ್ವರ, ಊತ, ಜೋಮು, ಅಥವಾ ಚಿಕ್ಕ ವಯಸ್ಸಿನಲ್ಲಿ ಎರಡೂ ಹಿಮ್ಮಡಿಯ ಜೊತೆಗೆ ಬೆಳಿಗ್ಗೆ ಸೊಂಟ ಹಿಡಿಯುವುದು: ಇವಕ್ಕೆ ನೇರ ಡಾಕ್ಟರು.

ಕಾಚಿಗುಡದವರಿಗೆ ಕೊಯ್ಸುವುದು ಸದ್ಯಕ್ಕೆ ಬೇಡ ಎಂದೆ. ಮುಂದಿನ ಕಾರ್ತಿಕಕ್ಕೆ ಮತ್ತೆ ಮಾಲೆ ಹಾಕುವ ಮನಸ್ಸಿದೆಯಂತೆ. ಹಾಕಿ ಯಜಮಾನರೇ, ಮೆಟ್ಟಿಲ ಮೇಲಿನ ಟವೆಲ್ಲನ್ನು ಮಾತ್ರ ಈಗಲೇ ಶುರುಮಾಡಿ. ನೋವು ಇಳಿದ ಮೇಲೆ, ಶ್ರಾವಣದಿಂದ, ದಿನಕ್ಕೆ ಹತ್ತು ನಿಮಿಷ ಬರಿಗಾಲಲ್ಲಿ ಅಂಗಳದ ಮಣ್ಣಿನಲ್ಲಿ ನಡೆಯಿರಿ.