ಬರೀ ನೆಗಡಿಯೋ, ಕೋವಿಡ್ಡೋ? ಪರೀಕ್ಷೆ ಮಾಡಿಸಬೇಕೋ, ಬೇಡವೋ?



ಗಂಟಲಲ್ಲಿ ಸಣ್ಣ ಕೆರೆತ. ಮೂಗಿನಲ್ಲಿ ಒಂದಿಷ್ಟು ನೀರು. ಥರ್ಮಾಮೀಟರ್ ಇಟ್ಟರೆ 99.2 ತೋರಿಸುತ್ತದೆ, ಅದನ್ನು ಜ್ವರ ಅನ್ನಬೇಕೋ ಬೇಡವೋ ತಿಳಿಯದು. ಹಾಸಿಗೆ ಹಿಡಿಯುವಷ್ಟು ಸುಸ್ತಿಲ್ಲ, ಹಾಗೆಂದು ಚೆನ್ನಾಗಿದ್ದೇನೆ ಅನ್ನುವಂತೆಯೂ ಇಲ್ಲ. ಮನೆಯಲ್ಲಿ ಒಬ್ಬರು "ಎ.ಸಿ. ಗಾಳಿ ಕಣ್ರೀ, ಮೆಣಸಿನ ಸಾರು ಕುಡಿದು ಮಲಗಿ" ಅನ್ನುತ್ತಾರೆ. ಇನ್ನೊಬ್ಬರು "ಯಾವುದಕ್ಕೂ ಒಂದು ಟೆಸ್ಟ್ ಮಾಡಿಸಿಬಿಡಿ" ಅನ್ನುತ್ತಾರೆ. ಯಾರ ಮಾತು ಕೇಳಬೇಕು?

2020ರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕೆಮ್ಮಿದರೆ ಪರೀಕ್ಷೆ, ಪರೀಕ್ಷೆಯಾದರೆ ಪ್ರತ್ಯೇಕ ವಾಸ, ಅಷ್ಟೇ. ಈಗ ಕಾಲ ಬದಲಾಗಿದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಘೋಷಿಸಿತು. ಆದರೆ ವೈರಾಣು ಹೋಗಲಿಲ್ಲ. 2023ರ ಕೊನೆಯಲ್ಲಿ ಜೆಎನ್.1 ಎಂಬ ತಳಿ ಬಂತು. 2025ರ ಮೇ-ಜೂನ್‌ನಲ್ಲಿ ಅದರ ಪೀಳಿಗೆಯ ತಳಿಗಳು ಕೇರಳ, ಮಹಾರಾಷ್ಟ್ರ, ದೆಹಲಿ, ಕರ್ನಾಟಕಗಳಲ್ಲಿ ಮತ್ತೆ ಸದ್ದು ಮಾಡಿದವು. ಮಳೆ ನಿಂತರೂ ಮರದ ಹನಿ ನಿಂತಿಲ್ಲ. ಹೀಗಿರುವಾಗ ಪ್ರತಿ ಸೀನಿಗೂ ಪರೀಕ್ಷೆ ಮಾಡಿಸುವುದು ದುಂದು; ಎಂದೂ ಮಾಡಿಸುವುದಿಲ್ಲ ಎನ್ನುವುದು ಹಟ. ನಡುವಿನ ದಾರಿ ಯಾವುದು, ನೋಡೋಣ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

"ನನಗೆ ಕೋವಿಡ್ ಇದೆಯೇ?" ಎಂಬುದು ಸಹಜವಾಗಿ ಬರುವ ಪ್ರಶ್ನೆ. ಆದರೆ ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದಿದೆ: "ಫಲಿತಾಂಶ ಗೊತ್ತಾದರೆ ನಾನು ಏನನ್ನು ಬೇರೆ ರೀತಿ ಮಾಡುತ್ತೇನೆ?"

ನೀವು ಮೂವತ್ತರ ವಯಸ್ಸಿನವರು, ಬೇರೆ ಕಾಯಿಲೆಯಿಲ್ಲ, ಒಬ್ಬರೇ ಇರುತ್ತೀರಿ, ಎರಡು ದಿನ ರಜೆ ಹಾಕಿ ಮಲಗುವ ಅನುಕೂಲವಿದೆ ಅಂದುಕೊಳ್ಳಿ. ಕೋವಿಡ್ ಆದರೂ ವಿಶ್ರಾಂತಿ, ಬಿಸಿನೀರು, ಜ್ವರಕ್ಕೆ ಪ್ಯಾರಾಸಿಟಮಾಲ್. ಬರೀ ನೆಗಡಿಯಾದರೂ ಅದೇ. ಫಲಿತಾಂಶದಿಂದ ಏನೂ ಬದಲಾಗದಿದ್ದರೆ ಪರೀಕ್ಷೆಯಿಂದ ಲಾಭ ಕಡಿಮೆ. ಮನೆಯಲ್ಲೇ ಇದ್ದು, ಹೊರಗೆ ಹೋಗಲೇಬೇಕಾದಾಗ ಮಾಸ್ಕ್ ಹಾಕಿಕೊಂಡರೆ ಸಾಕು.

ಅದೇ ನೀವು ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿರುವ ಅತ್ತೆಯವರ ಜೊತೆ ಇದ್ದೀರಿ ಅಂದುಕೊಳ್ಳಿ. ಆಗ ಫಲಿತಾಂಶದಿಂದ ಎಲ್ಲವೂ ಬದಲಾಗುತ್ತದೆ. ಯಾರು ಎಲ್ಲಿ ಮಲಗಬೇಕು, ಅಡುಗೆ ಯಾರು ಮಾಡಬೇಕು, ಅತ್ತೆಯವರನ್ನು ನಾಲ್ಕು ದಿನ ಮಗಳ ಮನೆಗೆ ಕಳಿಸಬೇಕೇ, ಅವರಿಗೆ ಕೆಮ್ಮು ಶುರುವಾದರೆ ಎಷ್ಟು ಬೇಗ ವೈದ್ಯರಲ್ಲಿಗೆ ಓಡಬೇಕು, ಇವೆಲ್ಲ ಆ ಒಂದು ಗೆರೆಯ ಮೇಲೆ ನಿಂತಿವೆ. ಇಂಥಲ್ಲಿ ಲಕ್ಷಣ ಎಷ್ಟೇ ಸಣ್ಣದಿರಲಿ, ಪರೀಕ್ಷೆ ಮಾಡಿಸುವುದೇ ಸರಿ.

ಯಾರು ತಡಮಾಡಬಾರದು?

ಅರವತ್ತು ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು: ಇವರು ಲಕ್ಷಣ ಕಂಡ ಮೊದಲ ಒಂದೆರಡು ದಿನದಲ್ಲೇ ವೈದ್ಯರನ್ನು ಕೇಳಬೇಕು. ಕಾರಣ ಸರಳ. ಕೋವಿಡ್‌ನ ವೈರಾಣು ನಿರೋಧಕ ಮಾತ್ರೆಗಳನ್ನು ಲಕ್ಷಣ ಶುರುವಾದ ಐದು ದಿನಗಳೊಳಗೆ ಆರಂಭಿಸಬೇಕು. ಫ್ಲೂ ಆಗಿದ್ದರೆ ಅದರ ಮಾತ್ರೆ ಮೊದಲ 48 ಗಂಟೆಗಳಲ್ಲಿ ಕೊಟ್ಟಾಗ ಹೆಚ್ಚು ಫಲ ಕೊಡುತ್ತದೆ. "ನೋಡೋಣ, ಸೋಮವಾರದ ತನಕ ಕಾಯೋಣ" ಎಂದು ಕಾದರೆ ಆ ಅವಕಾಶ ಕೈತಪ್ಪುತ್ತದೆ. ಆ ಮಾತ್ರೆಗಳು ಎಲ್ಲರಿಗೂ ಬೇಕಿಲ್ಲ, ಬೇರೆ ಔಷಧಿಗಳ ಜೊತೆ ಹೊಂದದೆಯೂ ಇರಬಹುದು. ಆದ್ದರಿಂದ ಆ ತೀರ್ಮಾನ ವೈದ್ಯರದೇ ಆಗಬೇಕು.

ಇನ್ನೊಂದು ಮಾತು. ವಯಸ್ಸಾದವರಲ್ಲಿ ಜ್ವರ ಬರದೆಯೇ ಇರಬಹುದು. ಎರಡು ದಿನದಿಂದ ಊಟ ಸೇರುತ್ತಿಲ್ಲ, ಮಾತು ಕಡಿಮೆಯಾಗಿದೆ, ಎದ್ದು ಓಡಾಡಲು ಆಗುತ್ತಿಲ್ಲ ಎಂದರೆ ಅದನ್ನೂ ಲಕ್ಷಣವೆಂದೇ ಎಣಿಸಿ.

ನೀವು ಆರೋಗ್ಯವಾಗಿದ್ದರೂ ಪರೀಕ್ಷೆ ಬೇಕಾಗುವ ಸಂದರ್ಭಗಳಿವೆ. ನಾಳೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಹೆಚ್ಚುಕಡಿಮೆ ಒಂದು ದಿನ ಒಂದೇ ಬೋಗಿಯಲ್ಲಿ ಕೂತು, ಊರಿನಲ್ಲಿ ಅಜ್ಜನ ಮನೆಗೆ ಹೋಗುವವರಿದ್ದೀರಿ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೀರಿ. ವೃದ್ಧಾಶ್ರಮಕ್ಕೆ ಹೋಗಬೇಕಿದೆ. ಹಸುಗೂಸಿರುವ ಮನೆಯ ನಾಮಕರಣವಿದೆ. ಇಲ್ಲೆಲ್ಲ ಪಣಕ್ಕಿರುವುದು ಎದುರಿಗಿರುವವರ ಆರೋಗ್ಯ.

ಲಕ್ಷಣ ನೋಡಿ ಹೇಳಬಹುದೇ?

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಬಹಳ ಮಟ್ಟಿಗೆ ಆಗುವುದಿಲ್ಲ. ಮೊದಲ ಎರಡು ಅಲೆಗಳಲ್ಲಿ ವಾಸನೆ ಹೋಗುವುದು ದೊಡ್ಡ ಸುಳಿವಾಗಿತ್ತು. ಬೆಳಗಿನ ಕಾಫಿ ಡಿಕಾಕ್ಷನ್ನಿನ ಘಮ ಮೂಗಿಗೆ ಬರಲಿಲ್ಲವೆಂದರೆ ಮನೆಮಂದಿ ಬೆಚ್ಚುತ್ತಿದ್ದರು. 2021ರ ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪ್ರಕಟವಾದವು. ಆ ತಳಿಯ ನಂತರ ವಾಸನೆ ಹೋಗುವುದು ಕಡಿಮೆಯಾಗಿ, ಗಂಟಲು ನೋವು, ಮೂಗು ಸೋರುವುದು, ಸೀನು, ತಲೆನೋವುಗಳೇ ಮುಂದೆ ಬಂದವು. ಅಂದರೆ ಥೇಟ್ ನೆಗಡಿಯಂತೆ. ಮೂಗು ಕಟ್ಟಿಲ್ಲ, ಆದರೂ ಇಂಗಿನ ಡಬ್ಬಿ ತೆರೆದರೆ ವಾಸನೆ ಗೊತ್ತಾಗುತ್ತಿಲ್ಲ ಎಂದರೆ ಇಂದಿಗೂ ಅನುಮಾನಿಸಬೇಕು. ಆದರೆ ವಾಸನೆ ಬರುತ್ತಿದೆ ಎಂದ ಮಾತ್ರಕ್ಕೆ ಕೋವಿಡ್ ಅಲ್ಲ ಎನ್ನಲಾಗದು.

ಕಣ್ಣು, ಮೂಗು ತುರಿಕೆ, ಸಾಲು ಸೀನು, ಜ್ವರವೇ ಇಲ್ಲ, ಧೂಳು ಹೊಡೆದಾಗಲೆಲ್ಲ ಹೀಗೇ ಆಗುತ್ತದೆ ಎಂದರೆ ಅಲರ್ಜಿಯ ಕಡೆಗೆ ಮನಸ್ಸು ವಾಲುತ್ತದೆ. ನವೆಂಬರಿನ ದೆಹಲಿಯ ಹೊಗೆಯಲ್ಲಿ ಗಂಟಲು ಕೆರೆಯದವರು ಯಾರು?

ಆದರೆ ಮಳೆಗಾಲದಲ್ಲಿ ಕೋವಿಡ್ ಒಂದನ್ನೇ ಹಿಡಿದು ಕೂರಬೇಡಿ. ನೆಗಡಿ, ಕೆಮ್ಮು ಏನೂ ಇಲ್ಲದೆ ಒಮ್ಮೆಲೇ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನುಲಿತ ಎಂದರೆ ಡೆಂಗಿ ಇರಬಹುದು. ಅದಕ್ಕೆ ಮೊದಲ ಐದು ದಿನಗಳಲ್ಲಿ ಎನ್ಎಸ್1 ಎಂಬ ರಕ್ತ ಪರೀಕ್ಷೆ ಇದೆ. ಮುಂಬೈಯಲ್ಲಿ ನಿಂತ ಮಳೆನೀರಿನಲ್ಲಿ ನಡೆದು ಬಂದ ಮೇಲೆ ಜ್ವರ ಬಂದರೆ ಇಲಿಜ್ವರವನ್ನೂ ವೈದ್ಯರಿಗೆ ನೆನಪಿಸಿ. ಚಳಿ ನಡುಕದೊಂದಿಗೆ ಬಂದರೆ ಮಲೇರಿಯಾ. ಕೋವಿಡ್ ನೆಗೆಟಿವ್ ಬಂತು ಎಂದು ನಿಶ್ಚಿಂತೆಯಿಂದ ಮಲಗಿ ಡೆಂಗಿಯನ್ನು ಬಿಟ್ಟುಬಿಟ್ಟರೆ ಆ ಪರೀಕ್ಷೆ ಒಳಿತಿಗಿಂತ ಕೆಡುಕನ್ನೇ ಮಾಡಿದಂತೆ. ಕಾರಣ ತಿಳಿಯುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಡೆಂಗಿಯಲ್ಲಿ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ.

ನೆಗೆಟಿವ್ ಎಂದರೆ ಇಲ್ಲವೆಂದೇ?

ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗೆ ನಮ್ಮ ದೇಶದಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ, ಪುಣೆಯ ಮೈಲ್ಯಾಬ್ ಕಂಪನಿಯ ಕೋವಿಸೆಲ್ಫ್‌ಗೆ. ಆಗ ಅದರ ಬೆಲೆ 250 ರೂಪಾಯಿ. ಇಂಥ ಕಿಟ್ ವೈರಾಣುವಿನ ಪ್ರೋಟೀನನ್ನು ಹುಡುಕುತ್ತದೆ. ಪ್ರಯೋಗಾಲಯದ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಾಣುವಿನ ಆರ್‌ಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ನೋಡುತ್ತದೆ. ಹಾಗಾಗಿ ಸ್ವಲ್ಪವೇ ಇದ್ದರೂ ಹಿಡಿಯುತ್ತದೆ.

ಕಾಕ್ರೇನ್ ಸಂಸ್ಥೆ 2022ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಸೋಂಕಿದ್ದು ಲಕ್ಷಣವೂ ಇದ್ದ 100 ಜನರಲ್ಲಿ ಸುಮಾರು 73 ಜನರನ್ನು ಕ್ಷಿಪ್ರ ಪರೀಕ್ಷೆ ಹಿಡಿದಿತ್ತು. ಲಕ್ಷಣವಿಲ್ಲದವರಲ್ಲಿ ಸುಮಾರು 55 ಜನರನ್ನು ಮಾತ್ರ. ಸೋಂಕಿಲ್ಲದವರಿಗೆ ತಪ್ಪಾಗಿ ಪಾಸಿಟಿವ್ ತೋರಿಸುವುದು ಮಾತ್ರ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದ್ದರಿಂದ ಲಕ್ಷಣವಿರುವಾಗ ಪಾಸಿಟಿವ್ ಬಂದರೆ ನಂಬಿ. ನೆಗೆಟಿವ್ ಬಂದರೆ ಸ್ವಲ್ಪ ಯೋಚಿಸಿ.

ಎಷ್ಟು ಯೋಚಿಸಬೇಕು? ಒಂದು ಸಣ್ಣ ಲೆಕ್ಕ ಹಾಕೋಣ. ಪರೀಕ್ಷೆ ನಾಲ್ಕರಲ್ಲಿ ಮೂವರನ್ನು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನಗರದಲ್ಲಿ ಅಲೆ ಜೋರಾಗಿದೆ, ನೆಗಡಿಯಾದ 100 ಜನರಲ್ಲಿ 40 ಜನರಿಗೆ ಕೋವಿಡ್ ಇದೆ. ಪರೀಕ್ಷೆ 30 ಜನರನ್ನು ಹಿಡಿಯಿತು, 10 ಜನ ತಪ್ಪಿಸಿಕೊಂಡರು. ಉಳಿದ 60 ಜನ ನಿಜಕ್ಕೂ ನೆಗೆಟಿವ್. ಅಂದರೆ ನೆಗೆಟಿವ್ ಬಂದ 70 ಜನರಲ್ಲಿ 10 ಜನರಿಗೆ, ಏಳರಲ್ಲಿ ಒಬ್ಬರಿಗೆ, ಕೋವಿಡ್ ಇದೆ! ಈಗ ಅಲೆ ಇಳಿದಿದೆ, 100ರಲ್ಲಿ 4 ಜನರಿಗೆ ಮಾತ್ರ ಇದೆ ಎಂದುಕೊಳ್ಳಿ. ಮೂವರು ಸಿಕ್ಕರು, ಒಬ್ಬರು ತಪ್ಪಿಸಿಕೊಂಡರು. ನೆಗೆಟಿವ್ ಬಂದ 97 ಜನರಲ್ಲಿ ಒಬ್ಬರಿಗಷ್ಟೇ ಇದೆ.

ಕಿಟ್ ಅದೇ, ಗೆರೆಯೂ ಅದೇ. ಆದರೆ ಅದರ ಅರ್ಥ ಬೇರೆ. ಆದ್ದರಿಂದ ಪರೀಕ್ಷೆಗೆ ಮುಂಚೆಯೇ ಅಕ್ಕಪಕ್ಕ ನೋಡಿ. ಆಫೀಸಿನಲ್ಲಿ ಪಕ್ಕದ ಮೇಜಿನವರಿಗೆ ಪಾಸಿಟಿವ್ ಬಂದಿದೆಯೇ? ಮೂರು ನಾಲ್ಕು ದಿನದ ಹಿಂದೆ ಹೋಗಿದ್ದ ಮದುವೆಯಲ್ಲಿ ಹಲವರಿಗೆ ಕೆಮ್ಮೇ? ಹೌದಾದರೆ ಒಂದು ನೆಗೆಟಿವ್ ನಂಬಿ ಅಜ್ಜಿಯ ಪಕ್ಕ ಕೂರಬೇಡಿ. 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ, ಇಲ್ಲವೇ ಆರ್‌ಟಿ-ಪಿಸಿಆರ್ ಮಾಡಿಸಿ. ಮನೆಯ ಕಿಟ್‌ಗೆ ಒಪ್ಪಿಗೆ ಕೊಟ್ಟಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ್ದೂ ಇದನ್ನೇ: ಲಕ್ಷಣವಿದ್ದು ಕಿಟ್ ನೆಗೆಟಿವ್ ಎಂದರೆ ಪಿಸಿಆರ್ ಮಾಡಿಸಿ.

ಮಾಡುವುದಾದರೆ ಸರಿಯಾಗಿ ಮಾಡಿ

ಗಂಟಲು ಕೆರೆದ ಮೊದಲ ಗಂಟೆಯಲ್ಲೇ ಕಿಟ್ ತೆರೆದರೆ ವೈರಾಣು ಇನ್ನೂ ಸಾಕಷ್ಟು ಬೆಳೆದಿರುವುದಿಲ್ಲ. ಆ ದಿನ ನೆಗೆಟಿವ್ ಬಂದರೆ ಅದನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಪೆಟ್ಟಿಗೆಯ ಮೇಲಿನ ಅವಧಿ ದಿನಾಂಕ ನೋಡಿ. ಹೆಚ್ಚಿನ ಕಿಟ್‌ಗಳನ್ನು 30 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬಾರದು. ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಕಿಟ್ ನಂಬಿಕೆಗೆ ಅರ್ಹವಲ್ಲ. ಕಡ್ಡಿಯನ್ನು ಮೂಗಿನ ಎರಡೂ ಹೊಳ್ಳೆಗಳಲ್ಲಿ, ಚೀಟಿಯಲ್ಲಿ ಹೇಳಿದಷ್ಟು ಒಳಗೆ, ಹೇಳಿದಷ್ಟು ಸುತ್ತು ತಿರುಗಿಸಿ. ಹೇಳಿದ ನಿಮಿಷಕ್ಕೆ ಸರಿಯಾಗಿ ನೋಡಿ. ಸಂಜೆ ಕಸದ ಬುಟ್ಟಿಯಿಂದ ತೆಗೆದು ನೋಡಿದಾಗ ಕಂಡ ಗೆರೆಗೆ ಬೆಲೆಯಿಲ್ಲ. "ಸಿ" ಗೆರೆಯೇ ಮೂಡದಿದ್ದರೆ ಪರೀಕ್ಷೆ ಕೆಟ್ಟಿದೆ ಎಂದರ್ಥ. "ಸಿ" ಮೂಡಿದ್ದು, "ಟಿ" ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಪಾಸಿಟಿವ್.

ಪಾಸಿಟಿವ್ ಬಂದರೆ ಗಾಬರಿ ಬೇಡ. ಸಾಧ್ಯವಾದರೆ ಬೇರೆ ಕೋಣೆ, ಇಲ್ಲದಿದ್ದರೆ ಕಿಟಕಿ ತೆರೆದು ಎಲ್ಲರೂ ಎನ್-95 ಮಾಸ್ಕ್ ಹಾಕಿಕೊಳ್ಳುವುದು, ಊಟದ ಹೊತ್ತು ಬೇರೆ ಮಾಡುವುದು. ಮನೆಗೆಲಸಕ್ಕೆ ಬರುವವರಿಗೆ ವಿಷಯ ತಿಳಿಸಿ, ಸಂಬಳ ಹಿಡಿಯದೆ ರಜೆ ಕೊಡಿ. ಅವರ ಮನೆಯಲ್ಲೂ ವಯಸ್ಸಾದವರಿರುತ್ತಾರೆ. ಗುಣವಾದ ಮೇಲೆ "ನೆಗೆಟಿವ್ ಆಯಿತೇ" ಎಂದು ಪಿಸಿಆರ್ ಮಾಡಿಸುವುದು ಬೇಡ. ಸತ್ತ ವೈರಾಣುವಿನ ಚೂರುಗಳಿಂದ ಅದು ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು.

ಪರೀಕ್ಷೆಗಾಗಿ ಕಾಯಬಾರದ ಹೊತ್ತು

ಉಸಿರಾಡಲು ಕಷ್ಟ, ಎದೆಯಲ್ಲಿ ಬಿಡದ ನೋವು ಅಥವಾ ಭಾರ, ತುಟಿ ನೀಲಿಯಾಗುವುದು, ಮಾತಿನಲ್ಲಿ ಗೊಂದಲ, ಎಬ್ಬಿಸಿದರೂ ಏಳದ ಮಂಪರು: ಇವುಗಳಲ್ಲಿ ಒಂದು ಕಂಡರೂ ಕಿಟ್ ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ. 2021ರಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿದ್ದರೆ ಸೆಲ್ ಬದಲಿಸಿ. ಉಗುರಿನ ಬಣ್ಣ ತೆಗೆದು, ಕೈ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಕೂತ ಮೇಲೆ ನೋಡಿ. ಮತ್ತೆ ಮತ್ತೆ 94ಕ್ಕಿಂತ ಕಡಿಮೆ ತೋರಿಸಿದರೆ ತಡಮಾಡಬೇಡಿ. ಮೂರು ದಿನ ಕಳೆದರೂ ಇಳಿಯದ ಜ್ವರ, ಗುಣವಾಗುತ್ತಾ ಬಂದು ಮತ್ತೆ ಏರಿದ ಜ್ವರ, ಇವೆರಡಕ್ಕೂ ವೈದ್ಯರು ಬೇಕು, ಫಲಿತಾಂಶ ಏನೇ ಇರಲಿ.

ಒಟ್ಟಿನಲ್ಲಿ ನೆನಪಿಡಬೇಕಾದದ್ದು ಮೂರೇ ಮಾತು, ಕೇಳುಗರೇ. ನನ್ನ ಸುತ್ತ ಈಗ ಕೋವಿಡ್ ಎಷ್ಟಿದೆ? ನನಗೆ ಅಥವಾ ನನ್ನ ಜೊತೆಯಿರುವವರಿಗೆ ಅದರಿಂದ ಎಷ್ಟು ಅಪಾಯ? ಫಲಿತಾಂಶ ತಿಳಿದರೆ ನಾನು ಏನು ಬದಲಾಯಿಸುತ್ತೇನೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಪರೀಕ್ಷೆ ಬೇಕೋ ಬೇಡವೋ ಎಂಬುದು ತಾನಾಗಿಯೇ ಬಗೆಹರಿಯುತ್ತದೆ. ಬೇಡ ಎಂದು ತೀರ್ಮಾನಿಸಿದರೂ ಒಂದು ಕೆಲಸ ಮಾತ್ರ ಬಿಡಬೇಡಿ. ಕೆಮ್ಮು, ನೆಗಡಿ ಇರುವಷ್ಟು ದಿನ ಲೋಕಲ್ ರೈಲಿನಲ್ಲಿ, ಮೆಟ್ರೋದಲ್ಲಿ ಮಾಸ್ಕ್ ಹಾಕಿಕೊಳ್ಳಿ. ಯಾವ ವೈರಾಣುವಾದರೂ ಸರಿ, ಪಕ್ಕದಲ್ಲಿ ನಿಂತವರಿಗೆ ಅದನ್ನು ಹಂಚಬೇಕಾಗಿಲ್ಲ.

ಬಿಸಿಬಿಸಿ ಸಾರು ಕುಡಿಯಿರಿ, ಚೆನ್ನಾಗಿ ನಿದ್ದೆ ಮಾಡಿ, ರೇಡಿಯೋ ಹಚ್ಚಿಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.