ಒಂದು ಬೇರು, ಹತ್ತು ನೋಟ

ಪುಣೆ ಬಳಿಯ ಚಾಕಣ್‌ನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗೆ ನಾನು ಟ್ರೇನಿಯಾಗಿ ಸೇರಿದಾಗ ಡಿಪ್ಲೊಮಾ ಮುಗಿಸಿ ಮೂರು ತಿಂಗಳೂ ಆಗಿರಲಿಲ್ಲ. ಗದಗ ಜಿಲ್ಲೆಯ ಹಳ್ಳಿಯವನು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕ್ವಾಲಿಟಿ ವಿಭಾಗದಲ್ಲಿ ಕೆಲಸ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಕೈ ನಡುಗುತ್ತಿರಲಿಲ್ಲ. ಇ-ಮೇಲ್ ಬರೆಯಲು ಕುಳಿತರೆ ಬೆವರುತ್ತಿದ್ದೆ.

ಒಂದು ವಾರ ಗೇಜ್ ಒಂದು ಕೆಟ್ಟಿತ್ತು. ಅದರಿಂದ ಅಳೆದ ಮಾಲನ್ನೆಲ್ಲ ಬೇರೆ ಇಟ್ಟು ‘ಸಸ್ಪೆಕ್ಟ್’ ಎಂದು ಟ್ಯಾಗ್ ಕಟ್ಟುವುದೇ ನನ್ನ ಕೆಲಸ. ಅದೇ ಸಂಜೆ, ತಪಾಸಣೆಗೆ ಬರಲಿದ್ದ ಗ್ರಾಹಕ ಕಂಪನಿಗೆ ‘ಸೋಮವಾರ ನಿಮ್ಮ ತಂಡವನ್ನು ನಿರೀಕ್ಷಿಸುತ್ತೇವೆ’ ಎಂದು ಮೇಲ್ ಹಾಕಬೇಕಿತ್ತು. ‘ಎಕ್ಸ್‌ಪೆಕ್ಟ್’ ಎಂದು ಬರೆಯಬೇಕಾದ ಕೈ ‘ಸಸ್ಪೆಕ್ಟ್’ ಎಂದು ಬರೆದುಬಿಟ್ಟಿತು. ಬರುವ ಅತಿಥಿಗಳ ಮೇಲೆಯೇ ಅನುಮಾನ!

ಮರುದಿನ ಮ್ಯಾನೇಜರ್ ಕರೆದು, ಇನ್ನು ಮುಂದೆ ನನಗೆ ತೋರಿಸದೆ ಒಂದು ಸಾಲೂ ಕಳಿಸಬೇಡ ಎಂದರು. ಕ್ಯಾಂಟೀನಿನಲ್ಲಿ ನನ್ನ ಹೆಸರೇ ‘ಸಸ್ಪೆಕ್ಟ್’ ಆಯಿತು. ಕೆಲಸ ಕಾಯಂ ಆಗಲು ಇನ್ನೂ ನಾಲ್ಕು ತಿಂಗಳಿತ್ತು. ಊರಿಗೆ ವಾಪಸ್ ಹೋಗಬೇಕಾದೀತೇ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆ ಭಾನುವಾರ ಪುಸ್ತಕದಂಗಡಿಗಳಿಗೆ ಹೆಸರಾದ ಅಪ್ಪಾ ಬಳವಂತ ಚೌಕಕ್ಕೆ ಹೋಗಿ ದಪ್ಪನೆಯ ಹಳೆಯ ನಿಘಂಟೊಂದನ್ನು ಕೊಂಡೆ. ಪದಗಳ ಮೂಲವನ್ನೂ ಕೊಡುವ ನಿಘಂಟು ಅದು. ಸಸ್ಪೆಕ್ಟ್, ಇನ್ಸ್‌ಪೆಕ್ಟ್, ರೆಸ್ಪೆಕ್ಟ್, ಪ್ರಾಸ್ಪೆಕ್ಟ್ ಎಲ್ಲದರಲ್ಲೂ ಎಸ್, ಪಿ, ಇ, ಸಿ, ಟಿ ಎಂಬ ಅವೇ ಐದು ಅಕ್ಷರಗಳು. ಮೂಲ, ನೋಡು ಎಂಬ ಅರ್ಥದ ಲ್ಯಾಟಿನ್ ಧಾತು ‘ಸ್ಪೆಕೆರೆ’.

ಒಳಗೆ ನೋಡಿದರೆ ಇನ್ಸ್‌ಪೆಕ್ಟ್. ತಲೆ ತಗ್ಗಿಸಿ ಕೆಳಗಿನಿಂದ ಕದ್ದು ನೋಡಿದರೆ ಸಸ್ಪೆಕ್ಟ್. ಮುಂದಕ್ಕೆ ನೋಡಿದರೆ ಪ್ರಾಸ್ಪೆಕ್ಟ್. ಹಿಂತಿರುಗಿ ನೋಡಿದರೆ ರೆಸ್ಪೆಕ್ಟ್. ಎಕ್ಸ್‌ಪೆಕ್ಟ್ ಎಂದರೆ ಹೊರಗೆ ನೋಡುವುದು. ಅಲ್ಲಿ ಎಸ್ ಅಕ್ಷರ ಇಲ್ಲ, ಅದರ ಧ್ವನಿ ಎಕ್ಸ್‌ನಲ್ಲೇ ಅಡಗಿದೆ. ಕನ್ನಡಕಕ್ಕೆ ಸ್ಪೆಕ್ಟಕಲ್ಸ್ ಎನ್ನುವುದೂ ಇದೇ ಬೇರಿನಿಂದ.

ಅಕ್ಷರ ಹೊಂದಿದ ಮಾತ್ರಕ್ಕೆ ನಂಟು ಇರಲೇಬೇಕೆಂದಿಲ್ಲ ಎಂಬುದನ್ನೂ ಅದೇ ನಿಘಂಟು ಕಲಿಸಿತು. ಡ್ರಾಯಿಂಗಿನಲ್ಲಿ ಬರೆಯುವ ‘ಸ್ಪೆಕ್’, ಅಂದರೆ ಸ್ಪೆಸಿಫಿಕೇಶನ್, ಈ ಮನೆತನದ್ದೇ. ಆದರೆ ಬಣ್ಣದ ಮೇಲೆ ಕೂತ ಧೂಳಿನ ಚುಕ್ಕೆಗೆ ನಾವು ಹೇಳುವ ‘ಸ್ಪೆಕ್’, ಹಳೆಯ ಇಂಗ್ಲಿಷಿನ ಬೇರೆಯದೇ ಪದ. ಕಿವಿಗೆ ಒಂದೇ, ಕುಲ ಬೇರೆ.

ಇದು ಹೊಸ ವಿದ್ಯೆಯೇನಲ್ಲ, ನಮ್ಮ ಮನೆಯಲ್ಲೇ ಇತ್ತಲ್ಲ ಎಂದು ಆಮೇಲೆ ಹೊಳೆಯಿತು. ಮುನ್ನೋಟ, ಹಿನ್ನೋಟ, ಒಳನೋಟ, ಮೇಲ್ನೋಟ, ಓರೆನೋಟ ಎನ್ನುವಾಗ ನಾವು ಮಾಡುವುದೂ ಇದನ್ನೇ. ಸಂಸ್ಕೃತದಿಂದ ಬಂದ ಪರೀಕ್ಷೆ, ನಿರೀಕ್ಷೆ, ಅಪೇಕ್ಷೆ, ಉಪೇಕ್ಷೆಗಳೆಲ್ಲ ನೋಡು ಎಂಬ ಅರ್ಥದ ‘ಈಕ್ಷ್’ ಧಾತುವಿನ ಮಕ್ಕಳು. ಕನ್ನಡ ಮಾಧ್ಯಮದವನೆಂದು ಕುಗ್ಗಿದ್ದ ನನಗೆ ಬೇಕಾದ ಕೀಲಿ ನನ್ನ ಜೇಬಿನಲ್ಲೇ ಇತ್ತು.

ಆ ರಾತ್ರಿ ಊರಿನಿಂದ ಅವ್ವನ ಫೋನು. ನಡೆದದ್ದನ್ನು ಅವಳಿಗೆ ಹೇಳಲಿಲ್ಲ. ಅವಳ ಮಾತು ಎಂದಿನದೇ: “ಯಾವಾಗ ಬರ್ತೀಯೋ ಮಗನ? ನಿನ್ನ ದಾರಿ ನೋಡಾಕತ್ತೀನಿ.” ಫೋನ್ ಇಟ್ಟ ಮೇಲೆ ಸುಮ್ಮನೆ ಕುಳಿತೆ. ಹೊರಗೆ ನೋಡುವುದು, ಎಕ್ಸ್‌ಪೆಕ್ಟ್. ಹೊಸ್ತಿಲಲ್ಲಿ ನಿಂತು ರಸ್ತೆ ಕಡೆ ನೋಡುವ ಅವ್ವನನ್ನು ನೆನೆದ ಮೇಲೆ ಆ ಪದವನ್ನು ನಾನು ಮತ್ತೆಂದೂ ತಪ್ಪಿಲ್ಲ.

ನಾಲ್ಕು ತಿಂಗಳ ನಂತರ ಕೆಲಸ ಕಾಯಂ ಆಯಿತು. ಇಂಗ್ಲಿಷ್ ಒಂದೇ ದಿನಕ್ಕೆ ಬಂತು ಎಂದಲ್ಲ, ಭಯ ಕಡಿಮೆಯಾಯಿತು. ಹೊಸ ಪದ ಸಿಕ್ಕಾಗಲೆಲ್ಲ ಅದರ ಅಣ್ಣತಮ್ಮಂದಿರನ್ನು ಹುಡುಕಿ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬರೆದಿಡುತ್ತೇನೆ, ಪಕ್ಕದಲ್ಲಿ ಕನ್ನಡದ ಪದ. ಈಗ ಕೊಪ್ಪಳ, ರಾಣೆಬೆನ್ನೂರು, ಬೀದರ್ ಕಡೆಯಿಂದ ಬರುವ ಹುಡುಗರಿಗೆ ಮೊದಲ ವಾರವೇ ಆ ಪುಟ ತೋರಿಸುತ್ತೇನೆ. ನನ್ನ ಸಸ್ಪೆಕ್ಟ್ ಕಥೆ ಕೇಳಿ ಅವರು ನಗುತ್ತಾರೆ. ನಗಲಿ, ಆಮೇಲೆ ಮೇಲ್ ಬರೆಯಲು ಅಷ್ಟು ಹೆದರುವುದಿಲ್ಲ.

ಹಿಂತಿರುಗಿ ನೋಡುವುದೇ ರೆಸ್ಪೆಕ್ಟ್ ಎಂದು ಅವರಿಗೆ ಹೇಳುವ ನಾನು ಎರಡು ವರ್ಷದಿಂದ ಹಬ್ಬಕ್ಕೆ ಊರಿಗೆ ಹೋಗಿರಲಿಲ್ಲ. ಈ ದೀಪಾವಳಿಗೆ ರಜೆ ಹಾಕಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ.